ಮಂಗನ ಕಾಯಿಲೆ: ರಕ್ತದ ಸೀಸೆ ಘಟ್ಟ ಹತ್ತುವುದು ಎಂದಿಗೆ ತಪ್ಪೀತು?

ಚಳಿಗಾಲ ಕಾಲಿಟ್ಟಿತೆಂದರೆ ಹೊನ್ನಾವರ, ಕುಮಟಾ, ಭಟ್ಕಳದ ಕಾಡಂಚಿನ ಹಳ್ಳಿಗಳಲ್ಲಿ ಒಂದೇ ಅಂಜಿಕೆ. ಕೊಟ್ಟಿಗೆಗೆ ದರಕು ತರಲು ಬೆಟ್ಟಕ್ಕೆ ಹೋದವರಿಗೆ ಉಣ್ಣಿ ಕಚ್ಚುತ್ತದೆ. ನಾಲ್ಕೆಂಟು ದಿನ ಬಿಟ್ಟು ಜ್ವರ, ತಲೆ ಸಿಡಿತ, ಮೈಕೈ ನೋವು. ಇಲಿಜ್ವರವೋ, ಡೆಂಗೆಯೋ, ಮಂಗನ ಕಾಯಿಲೆಯೋ? ಮುಖ ನೋಡಿ ಹೇಳಲು ಯಾವ ಡಾಕ್ಟರಿಗೂ ಆಗದು. ರಕ್ತವೇ ಹೇಳಬೇಕು. ಆ ರಕ್ತವೋ, ಬಹುಕಾಲ ಗೇರುಸೊಪ್ಪ ಘಾಟಿ ಹತ್ತಿ, ಸಾಗರ ದಾಟಿ, ನೂರೈವತ್ತು ಕಿಲೋಮೀಟರಿಗೂ ದೂರದ ಶಿವಮೊಗ್ಗಕ್ಕೋ, ಇಲ್ಲವೇ ಪುಣೆಗೋ ಹೋಗಬೇಕಿತ್ತು.

'ಔಷಧಿಯೇ ಇಲ್ಲದ ರೋಗಕ್ಕೆ ಪರೀಕ್ಷೆ ಯಾಕ್ರೀ?' ಎನ್ನುವವರಿದ್ದಾರೆ. ಔಷಧಿ ಇಲ್ಲದ್ದಕ್ಕೇ ಬೇಕು. ರೋಗ ಇದೇ ಎಂದು ಮೊದಲೇ ಗೊತ್ತಾದರೆ ರಕ್ತಸ್ರಾವ ಹೆಚ್ಚಿಸುವ ನೋವಿನ ಮಾತ್ರೆ ಕೊಡುವುದು ತಪ್ಪುತ್ತದೆ. ರೋಗಿಯನ್ನು ವೇಳೆಗೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಬಹುದು, ಊರಿಗೆ ಎಚ್ಚರಿಕೆ ಕೊಡಬಹುದು. ನೂರಕ್ಕೆ 3ರಿಂದ 5 ಮಂದಿಯನ್ನು ಒಯ್ಯುವ ರೋಗವಿದು. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. 2024ರಲ್ಲಿ ಪಕ್ಕದ ಸಿದ್ದಾಪುರ ತಾಲೂಕು ಪಟ್ಟ ಪಾಡು ಎಲ್ಲರಿಗೂ ನೆನಪಿದೆ.

ಹಾಗಾದರೆ ವಿಜ್ಞಾನ ಸುಮ್ಮನೆ ಕೂತಿದೆಯೇ? ಇಲ್ಲ. ಬೆಳಕಿನಿಂದ ರೋಗ ಪತ್ತೆ ಮಾಡುವ ವಿದ್ಯೆ ವಿಶ್ವವಿದ್ಯಾಲಯಗಳಲ್ಲಿ ದಂಡಿಯಾಗಿದೆ. ಲೇಸರ್ ಬೆಳಕಿನಿಂದ ರೋಗ ಗುರುತಿಸುವ ಸಂಶೋಧನೆ ನಮ್ಮ ಪಕ್ಕದ ಮಣಿಪಾಲದಲ್ಲೇ ವರ್ಷಗಳಿಂದ ನಡೆದಿದೆ. ಆದರೆ ಪ್ರಯೋಗಶಾಲೆಯ ಮೇಜಿನಿಂದ ಆಸ್ಪತ್ರೆಯ ಮೇಜಿಗೆ ದಾರಿ ಉದ್ದ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು ತೆಳು ಲೋಹದ ಹಾಳೆಗೆ ಬೆಳಕು ಬಿಟ್ಟು, ಅದಕ್ಕೆ ಅಂಟಿದ ಜೈವಿಕ ಕಣ ಪತ್ತೆ ಮಾಡಿ ತೋರಿಸಿದ್ದು 1983ರಲ್ಲಿ. ಯಂತ್ರವಾಗಿ ಪೇಟೆಗೆ ಬಂದದ್ದು 1990ಕ್ಕೆ. ಬಂದರೂ ಅದು ದೊಡ್ಡ ಲ್ಯಾಬುಗಳ ಸೊತ್ತಾಯಿತೇ ಹೊರತು ತಾಲೂಕು ಆಸ್ಪತ್ರೆ ಮುಟ್ಟಲಿಲ್ಲ.

ದಾರಿ ಪೂರ್ತಿ ಸವೆಸಿದ ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವಾದ ಮೋಲ್‌ಬಯೋ ಸೇರಿ ತಂದ ಟ್ರೂನ್ಯಾಟ್ ಯಂತ್ರ ಬ್ಯಾಟರಿಯ ಮೇಲೂ ಓಡುತ್ತದೆ. ಪುಟ್ಟ ಚಿಪ್ಪಿನೊಳಗೆ ರೋಗಾಣುವಿನ ಗುರುತು ಇಮ್ಮಡಿ, ಇಮ್ಮಡಿಯಾಗಿ ಬೆಳೆಯುತ್ತದೆ. ಬೆಳೆದಂತೆ ಬಣ್ಣ ಹೊಳೆಯುತ್ತದೆ. ಆ ಹೊಳಪನ್ನು ಯಂತ್ರದ ಕಣ್ಣು ಹಿಡಿಯುತ್ತದೆ. ಸುಮಾರು ಒಂದು ತಾಸಿನ ಕೆಲಸ. ಟಿಬಿ ಪರೀಕ್ಷೆಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿತು. ಅದೇ ವರ್ಷ ಕೋವಿಡ್ ಬಂದಾಗ ದೇಶದ ಸಣ್ಣಪುಟ್ಟ ಆಸ್ಪತ್ರೆಗಳಲ್ಲೂ ಇದೇ ಯಂತ್ರ ದುಡಿಯಿತು. ಇದರಲ್ಲೇ ಹಾಕುವ ಮಂಗನ ಕಾಯಿಲೆಯ ಚಿಪ್ಪನ್ನೂ ಪುಣೆಯ ವೈರಾಣು ಸಂಸ್ಥೆ ಜೊತೆಗೂಡಿ ತಯಾರಿಸಿ, ಒರೆಗೆ ಹಚ್ಚಿ ನೋಡಿದೆ.

ಅಂದಮೇಲೆ ತೊಡಕೆಲ್ಲಿ? ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿರಾಕಿ ಇಲ್ಲದ ಮಾಲನ್ನು ಯಾರು ತಯಾರಿಸುತ್ತಾರೆ? ಕೋವಿಡ್ ಕಾಣಿಸಿಕೊಂಡ ಒಂದೂವರೆ ವರ್ಷದೊಳಗೆ, 2021ರಲ್ಲಿ, ಮನೆಯಲ್ಲೇ ಪರೀಕ್ಷಿಸುವ ಕಿಟ್ 250 ರೂಪಾಯಿಗೆ ಮೆಡಿಕಲ್ ಶಾಪಿಗೆ ಬಂತು. ಯಾಕೆಂದರೆ ಇಡೀ ಲೋಕವೇ ಗಿರಾಕಿ. ಮಂಗನ ಕಾಯಿಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಅದರ ಗಿರಾಕಿಗಳೋ, ಘಟ್ಟದ ಬುಡದ ಕೂಲಿಗಳು, ಸಣ್ಣ ರೈತರು. ಅದೂ ಡಿಸೆಂಬರಿನಿಂದ ಮೇವರೆಗಿನ ಸೀಸನ್ ವ್ಯಾಪಾರ. ಉಳಿದ ಮಾಲು ಕಪಾಟಿನಲ್ಲೇ ಅವಧಿ ಮೀರುತ್ತದೆ. ಇಂಥ ಲೆಕ್ಕದಲ್ಲಿ ಕಂಪನಿಗೆ ಲಾಭ ಹುಟ್ಟುವುದಿಲ್ಲ.

ಆದ್ದರಿಂದ ಖರೀದಿದಾರ ಸರಕಾರವೇ ಆಗಬೇಕು. ಸೀಸನ್ನಿಗೆ ಮೊದಲೇ ಚಿಪ್ಪಿನ ದಾಸ್ತಾನು ತಾಲೂಕು ಆಸ್ಪತ್ರೆಗೆ ಬಂದಿರಬೇಕು. ರಕ್ತವನ್ನು ಅಪಾಯವಾಗದಂತೆ ಮುಟ್ಟಲು ತರಬೇತಾದ ಟೆಕ್ನಿಶಿಯನ್ ಬೇಕು, ಯಾಕೆಂದರೆ ಈ ವೈರಾಣು ಲ್ಯಾಬಿನವರಿಗೂ ಅಂಟಬಲ್ಲದು. ಯಂತ್ರ ಕೆಟ್ಟರೆ ರಿಪೇರಿಗೆ ಬರುವವರು ಯಾರೆಂಬುದೂ ಮೊದಲೇ ನಿಗದಿಯಾಗಿರಬೇಕು. ಹೊಸದಾಗಿ ಕಂಡುಹಿಡಿಯುವ ಕೆಲಸ ಇದರಲ್ಲಿ ಏನೂ ಇಲ್ಲ. ಎಲ್ಲವೂ ಟೆಂಡರು, ಬಜೆಟ್ಟು, ಹುದ್ದೆ ಭರ್ತಿಯ ಮಾತು.

ವಿಜ್ಞಾನಿಗಳು ತಮ್ಮ ಪಾಲಿನ ದಾರಿ ನಡೆದಿದ್ದಾರೆ. ಉಳಿದದ್ದು ಕಡತದ ದಾರಿ. ಉಣ್ಣಿ ಮಾತ್ರ ಯಾವ ಕಡತಕ್ಕೂ ಕಾಯುವುದಿಲ್ಲ. ಮುಂದಿನ ಡಿಸೆಂಬರಿಗೆ ಮೊದಲು ಸಂಬಂಧಪಟ್ಟವರು ಕಣ್ಣು ತೆರೆದಾರೆಯೇ?