ಕೈಯ ನಡುಕ, ಮನದ ಮರೆವು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಿಂದ ನಮ್ಮ ಹಿರಿಯರು ಒಂದು ಉಪಕಾರವನ್ನೂ ಒಂದು ಅಪಕಾರವನ್ನೂ ಮಾಡಿದ್ದಾರೆ. ಮುದುಕರ ಮರೆವನ್ನು ಕ್ಷಮಿಸಲು ಕಲಿಸಿದ್ದು ಉಪಕಾರ; ಅದರ ಹಿಂದೆ ರೋಗವಿರಬಹುದೆಂದು ಯೋಚಿಸದಂತೆ ಮಾಡಿದ್ದು ಅಪಕಾರ. ನಾವು ಫೈಲುಗಳ ನಡುವೆ ದಿನ ಕಳೆಯುವ ಗುಮಾಸ್ತರು, ವೈದ್ಯರಲ್ಲ. ಓದಿ ತಿಳಿದ ನಾಲ್ಕು ಮಾತನ್ನು ವಾಚಕರ ಮುಂದಿಡುತ್ತೇವೆ, ಅಷ್ಟೆ.

ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಪಾರ್ಕಿನ್‌ಸನ್ ಕಾಯಿಲೆ. ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಯ ಪಾಲು. ಮೆದುಳಿಗೆ ತಂತಿ ಇಳಿಸುವ ಶಸ್ತ್ರಚಿಕಿತ್ಸೆಯಾದ ಮೇಲೆ ತಾವೇ ಸಹಿ ಹಾಕುವಂತಾದರು. ಮನೆಯವರ ಸಂತೋಷಕ್ಕೆ ಪಾರವಿರಲಿಲ್ಲ. ಏಳೆಂಟು ವರ್ಷ ಕಳೆಯಿತು. ಸಹಿ ಈಗಲೂ ನೆಟ್ಟಗಿದೆ. ಯಾವ ಕಾಗದಕ್ಕೆ ಹಾಕಿದರೆಂಬುದು ಮಾತ್ರ ನೆನಪಿರುವುದಿಲ್ಲ. "ಆ ತಂತಿಯಿಂದಲೇ ಹೀಗಾಯಿತು, ಒಪ್ಪಿಗೆ ಕೊಟ್ಟವನು ನಾನೇ" ಎಂದು ಮಗ ಕೊರಗುತ್ತಾನೆ. ಆ ಕೊರಗು ನ್ಯಾಯವೇ?

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯರು ಈ ಕಾಯಿಲೆಯನ್ನು ವರ್ಣಿಸಿದಾಗ, ಬುದ್ಧಿಗೆ ಇದರಿಂದ ಕುಂದಿಲ್ಲವೆಂದೇ ತಿಳಿದಿದ್ದರು. ಕಾಲ ಬೇರೆಯೇ ತೋರಿಸಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿದ ವೈದ್ಯರು, ಅಷ್ಟು ಕಾಲ ಬದುಕಿದ್ದವರಲ್ಲಿ ಶೇಕಡಾ 83 ಮಂದಿಗೆ ಡಿಮೆನ್ಷಿಯಾ ಬಂದಿತ್ತೆಂದು 2008ರಲ್ಲಿ ವರದಿ ಮಾಡಿದರು. ಇದು ತಂತಿಯ ಲೆಕ್ಕವಲ್ಲ, ಕಾಯಿಲೆಯ ಲೆಕ್ಕ.

ಇನ್ನು ತಂತಿಯ ವಿಷಯ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಡಾಕ್ಟರ್ ಬೆನಾಬಿಡ್ ಮತ್ತು ಅವರ ಸಂಗಡಿಗರು 1987ರಲ್ಲಿ ಈ ವಿಧಾನಕ್ಕೆ ದಾರಿ ಮಾಡಿದರು. ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಒಂದು ಪುಟ್ಟ ಬ್ಯಾಟರಿ ಪೆಟ್ಟಿಗೆ. ಅಲ್ಲಿಂದ ಮೆದುಳಿನ ಆಳಕ್ಕೆ ಸಣ್ಣ ವಿದ್ಯುತ್ ಮಿಡಿತ. ನಡುಕ, ಬಿಗಿತ, ನಿಧಾನ ಇವು ತಗ್ಗುತ್ತವೆ. ಆದರೆ ಮೆದುಳಿನ ಕಣಗಳು ಸವೆಯುವುದು ನಿಲ್ಲದು. ಕೈ ಹತೋಟಿಗೆ ಬಂದರೂ ಕಾಯಿಲೆ ಒಳಗೇ ಮುಂದುವರಿಯುತ್ತದೆ.

ಅದೇ ಗ್ರೆನೋಬಲ್‌ನಲ್ಲಿ ಚಿಕಿತ್ಸೆ ಪಡೆದ 175 ಮಂದಿಯ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ಇದ್ದವರು 1 ವರ್ಷದ ಮೇಲೆ ಶೇಕಡಾ 2.3, 5 ವರ್ಷಕ್ಕೆ 8.5, 10 ವರ್ಷಕ್ಕೆ 29.8. ಸಾಮಾನ್ಯ ಪಾರ್ಕಿನ್‌ಸನ್ ರೋಗಿಗಳಿಗಿಂತ ಇದು ಹೆಚ್ಚಲ್ಲವೆಂಬುದು ಅವರ ತೀರ್ಮಾನ. ಆದರೆ ಬುದ್ಧಿ ಚುರುಕಾಗಿದ್ದವರನ್ನೇ ಆರಿಸಿ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆಂಬುದನ್ನೂ ಮರೆಯಬಾರದು. ವಯಸ್ಸು ಮೀರಿದವರಿಗೆ, ಮೊದಲೇ ಇಲ್ಲದ್ದು ಕಾಣುತ್ತಿದ್ದವರಿಗೆ, ಶಸ್ತ್ರಚಿಕಿತ್ಸೆಯ ವೇಳೆ ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಅಪಾಯ ಅಧಿಕ. ತಂತಿಯಿಂದಲೇ ಆಗಬಹುದಾದ ಒಂದು ಕುಂದೂ ಉಂಟು: ಪದಗಳು ಥಟ್ಟನೆ ನಾಲಗೆಗೆ ಬಾರವು. ಅದೊಂದೇ ಡಿಮೆನ್ಷಿಯಾ ಅಲ್ಲ.

ಪರವೂರಿನಲ್ಲಿರುವ ನಮಗೆ ಮುಖ್ಯವಾದ ಮಾತು ಇಲ್ಲಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಬುದ್ಧಿಪರೀಕ್ಷೆ ಮಾಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎನ್ನುವಂಥದು. ಹಾಸನದಿಂದ ಪುಣೆಗೆ ಮಗನ ಮನೆಗೆ ಬಂದ ತಾಯಿಯನ್ನು ಹಿಂದಿಯಲ್ಲಿ ಕೇಳಿದರೆ ಆಕೆ ತಡವರಿಸದೆ ಏನು ಮಾಡಿಯಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿರುವ ಇಂಥ ಪರೀಕ್ಷೆಗಳ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡದಲ್ಲಿ ಪರೀಕ್ಷೆಯಾಗಲೆಂದು ಕೇಳಲು ಸಂಕೋಚ ಬೇಡ. ಫಲಿತಾಂಶದ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಹೋಲಿಸಿ ನೋಡಲು ಅದೇ ಆಧಾರ.

ಗುಮಾಸ್ತರಾಗಿ ಇನ್ನೊಂದು ಮಾತು. ಉಯಿಲು, ಪಿಂಚಣಿ, ಬ್ಯಾಂಕಿನ ನಾಮನಿರ್ದೇಶನ ಇವೆಲ್ಲ ಬುದ್ಧಿ ತಿಳಿಯಾಗಿರುವಾಗಲೇ, ಹಿರಿಯರ ಇಚ್ಛೆಯಂತೆ ಮುಗಿಯಲಿ.

ಆ ಮಗನ ಕೊರಗಿಗೆ ನಮ್ಮ ಉತ್ತರವಿಷ್ಟೆ: ಆತ ಒಪ್ಪಿದ್ದರಿಂದ ತಂದೆಗೆ ಹಲವು ವರ್ಷ ತಮ್ಮ ಕೈಯಿಂದಲೇ ಊಟ ಸಿಕ್ಕಿತು. ಉಳಿದದ್ದರ ಬಹುಪಾಲು ಕಾಯಿಲೆಯದು. ಹಾಗೆಂದು ಎಲ್ಲ ಮರೆವನ್ನೂ ಕಾಯಿಲೆಯ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಒಮ್ಮೆಲೇ ಗೊಂದಲ ಕಂಡರೆ ಅದು ಮೂತ್ರದ ಸೋಂಕಿನಿಂದಲೋ ನಡುಕಕ್ಕೆ ಕೊಟ್ಟ ಮಾತ್ರೆಯಿಂದಲೋ ಯಂತ್ರದ ಹೊಂದಾಣಿಕೆಯಿಂದಲೋ ಇರಬಹುದು, ಇವಕ್ಕೆ ಪರಿಹಾರವುಂಟು. ಗಾದೆ ಹೇಳಿ ಕೂರದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.