ದೂರದಲ್ಲಿರೋರಿಗೂ ಒಂದು ದೀಪ

ಪೋಲೆಂಡಿಗೆ ಬಂದ ಮೊದಲ ವರ್ಷ, 2019ರಲ್ಲಿ, ನಾನೊಂದು ಎಡವಟ್ಟು ಮಾಡಿದ್ದೆ. ಅಕ್ಟೋಬರ್ ಕೊನೆ ವಾರ. ಕ್ರಾಕೋವ್‌ನ ಅಂಗಡಿಗಳ ಮುಂದೆಲ್ಲ ಸಾಲು ಸಾಲು ಸೇವಂತಿಗೆ ಕುಂಡಗಳು. ಹಳದಿ, ಬಿಳಿ, ನೇರಳೆ. ನೋಡ್ತಿದ್ದ ಹಾಗೆ ಮೈಸೂರಿನ ದೇವರಾಜ ಮಾರ್ಕೆಟ್ ನೆನಪಾಯ್ತು. ಟೀಮಿನ ಗೆಳೆಯನೊಬ್ಬ ಮನೆಗೆ ಊಟಕ್ಕೆ ಕರೆದಿದ್ದ. ಬರಿಗೈಲಿ ಹೋಗಬಾರದಲ್ವಾ, ದೊಡ್ಡದೊಂದು ಕುಂಡ ಹೊತ್ತುಕೊಂಡು ಹೋದೆ.

ಬಾಗಿಲು ತೆಗೆದ ಅವನ ತಾಯಿ ಹೂವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಮಗನನ್ನು ಕೂಗಿದರು. ಅವನು ನಗು ತಡ್ಕೊಂಡು ಹೇಳಿದ: "ಇದು ಇಲ್ಲಿ ಸಮಾಧಿಗೆ ಇಡೋ ಹೂವು. ಬದುಕಿರೋರಿಗೆ ಯಾರೂ ಕೊಡಲ್ಲ."

ನಮ್ಮಲ್ಲಿ ದೇವರಿಗೂ ಏರಿ, ಅಮ್ಮನ ಜಡೆಗೂ ಏರೋ ಹೂವು ಅದು!

ಇಲ್ಲಿ ನವೆಂಬರ್ 1 ಸಕಲ ಸಂತರ ಹಬ್ಬ, ಸರ್ಕಾರಿ ರಜೆ. ಮರುದಿನ, ನವೆಂಬರ್ 2, ತೀರಿಕೊಂಡ ಎಲ್ಲರ ಸ್ಮರಣೆಯ ದಿನ. ಈ ಎರಡನೇ ದಿನವನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ಅನ್ನೋ ಗುರು ರೂಢಿಗೆ ತಂದರಂತೆ. ಮರುದಿನ ರಜೆ ಇಲ್ಲದ್ದರಿಂದ ಜನ 1ನೇ ತಾರೀಖೇ ಸ್ಮಶಾನಕ್ಕೆ ಹೋಗ್ತಾರೆ. ಅಂಗಡಿಗಳು ಬಂದ್. ಸ್ಮಶಾನಗಳಿಗೆ ವಿಶೇಷ ಟ್ರಾಮ್, ಬಸ್ಸು. ಹೆದ್ದಾರಿಗಳಲ್ಲಿ ನಮ್ಮ ದೀಪಾವಳಿ ಮುನ್ನಾದಿನದ ಬೆಂಗಳೂರಿನಂಥ ಟ್ರಾಫಿಕ್. ಕೆಲವು ದಿನ ಮೊದಲೇ ಬಕೆಟ್, ಬ್ರಷ್ ಹಿಡಿದು ಸಮಾಧಿ ತೊಳೆದು ಬಂದಿರ್ತಾರೆ.

ಹೋದ ವರ್ಷ ಆ ಗೆಳೆಯ ನನ್ನನ್ನೂ ರಾಕೋವಿತ್ಸ್ಕಿ ಸ್ಮಶಾನಕ್ಕೆ ಕರ್ಕೊಂಡು ಹೋದ. 1803ರಲ್ಲಿ ಶುರುವಾದ ಜಾಗ. ನೊಬೆಲ್ ಪಡೆದ ಕವಯಿತ್ರಿ ಶಿಂಬೋರ್ಸ್ಕಾ ಮಲಗಿರೋದೂ ಅಲ್ಲೇ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆ ಕತ್ತಲಲ್ಲಿ ಎಲ್ಲಿ ನೋಡಿದರೂ ಮುಚ್ಚಳ ಇರೋ ಗಾಜಿನ ದೀಪಗಳು, ಕೆಂಪು, ಹಳದಿ. ಗಾಳಿ ಮಳೆಗೆ ಆರೋದಿಲ್ಲ. ಮಕ್ಕಳು, ಮುದುಕರು, ಸ್ಟ್ರಾಲರ್ ತಳ್ಳೋ ಅಪ್ಪಂದಿರು. ಭಯ ಅನ್ನಿಸಲೇ ಇಲ್ಲ.

ಅಜ್ಜನ ಸಮಾಧಿಗೆ ದೀಪ ಇಟ್ಟ ಮೇಲೆ ಗೆಳೆಯ ಕೈಚೀಲದಿಂದ ಇನ್ನೊಂದು ದೀಪ ತೆಗೆದು ನನಗೆ ಕೊಟ್ಟ. "ಅಲ್ಲಿ ದೊಡ್ಡ ಶಿಲುಬೆ ಇದೆಯಲ್ಲ, ಸಮಾಧಿ ದೂರ ಇರೋರಿಗಾಗಿ ಅಲ್ಲಿ ಹಚ್ತಾರೆ. ನಿಮ್ಮಪ್ಪನಿಗೆ ಹಚ್ಚು."

ನಮ್ಮಪ್ಪನಿಗೆ ಸಮಾಧಿಯೇ ಇಲ್ಲ. 2021ರ ಮೇನಲ್ಲಿ ಹೋದರು. ನನಗೆ ವಿಮಾನ ಸಿಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ತಮ್ಮ ಅಸ್ಥಿ ಬಿಟ್ಟಿದ್ದನ್ನು ಮೊಬೈಲಲ್ಲಿ ನೋಡಿದೆ, ಮಧ್ಯೆ ಎರಡು ಸಲ ನೆಟ್‌ವರ್ಕ್ ಹೋಯ್ತು. ಆಮೇಲೆ ಪ್ರತಿ ವೈಶಾಖದಲ್ಲಿ ತಮ್ಮನೇ ತಿಥಿ ಮಾಡ್ತಾನೆ, ನಾನು ದುಡ್ಡು ಕಳಿಸ್ತೀನಿ. "ಈ ಸಲ ಬರ್ತೀಯೇನಪ್ಪಾ?" ಅಂತ ಅಮ್ಮ ಕೇಳ್ತಾರೆ. "ರಿಲೀಸ್ ಇದೆ ಅಮ್ಮ" ಅಂತೀನಿ. ರಿಲೀಸ್ ಇರೋದು ನಿಜ. ಆದರೆ ನಾನಿಲ್ಲದಿದ್ದರೂ ಅದು ಹೋಗತ್ತೆ ಅನ್ನೋದೂ ನಿಜ. ಪಿಂಡದ ಮುಂದೆ ಕೂತರೆ ಅಪ್ಪ ಇಲ್ಲ ಅಂತ ಒಪ್ಪಿಕೊಂಡ ಹಾಗಾಗತ್ತೆ. ಅದಕ್ಕೇ ತಪ್ಪಿಸ್ಕೊಳ್ತಿದ್ದೆ.

ಶಿಲುಬೆಯ ಸುತ್ತ ನೂರಾರು ದೀಪ. ಜಾಗ ಮಾಡಿ ನನ್ನದನ್ನೂ ಇಟ್ಟೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ದೀಪ ಕೊಂಚ ಸರಿಸಿ ನನ್ನ ಕಡೆ ತಲೆ ಆಡಿಸಿದರು. ಕಣ್ಣು ತುಂಬಿ ಬಂತು.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಹತ್ತೂವರೆ. ಎಲ್ಲ ಕೇಳಿಸ್ಕೊಂಡು, "ಸೇವಂತಿಗೆ ಇಟ್ಯಾ?" ಅಂದರು.

"ಇಟ್ಟೆ."

"ಒಳ್ಳೇದಾಯ್ತು. ತಿಥಿಗೆ ಮಾತ್ರ ನೀನೇ ಬಾ."

ಈ ವೈಶಾಖದಲ್ಲಿ ಹೋಗಿ ಬಂದೆ. ರಿಲೀಸ್ ನಾನಿಲ್ಲದೆಯೇ ಆಯ್ತು.