ಹೆಸರೆತ್ತದ ನಿಂದೆ

‘ಕುಂಬಳಕಾಯಿ ಕಳ್ಳ’ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಳ್ಳ ತಾನಾಗಿಯೇ ಸಿಕ್ಕಿಬಿದ್ದನೆಂದು ಎಲ್ಲರೂ ನಗುತ್ತಾರೆ. ಕದಿಯದವನೂ ಬೂದುಗುಂಬಳದ ಪುಡಿ ತನ್ನ ಮೈಗೆಲ್ಲಿಂದ ಬಂದೀತೆಂದು ಗಾಬರಿಯಿಂದ ಹೆಗಲ ಮೇಲೆ ಕೈಯಾಡಿಸಬಹುದಷ್ಟೆ? ಆ ಯೋಚನೆ ಮಾತ್ರ ಯಾರಿಗೂ ಬಾರದು. 1964ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಈ ಗಾದೆಯೇ ರಾಜಕೀಯ ತಂತ್ರವಾಯಿತು.

ಆ ವರ್ಷದ ಸೆಪ್ಟೆಂಬರ್ 7, ಸೋಮವಾರ ರಾತ್ರಿ. ಎನ್‌ಬಿಸಿ ಟೆಲಿವಿಷನ್ನಿನಲ್ಲಿ ಚಲನಚಿತ್ರವೊಂದು ನಡೆಯುತ್ತಿದ್ದಾಗ ಒಂದು ನಿಮಿಷದ ಜಾಹೀರಾತು ಬಂದಿತು. ಪುಟ್ಟ ಹುಡುಗಿಯೊಬ್ಬಳು ಡೇಸಿ ಹೂವಿನ ಎಸಳುಗಳನ್ನು ಕೀಳುತ್ತ ಎಣಿಸುತ್ತಿದ್ದಾಳೆ. ಐದಾದ ಮೇಲೆ ಏಳೆನ್ನುತ್ತಾಳೆ. ಆರನ್ನು ಎರಡು ಸಲ ಹೇಳುತ್ತಾಳೆ. ಮಕ್ಕಳಿರುವ ಮನೆಯವರು ಮುಗುಳ್ನಗದೆ ಇರಲಾರರು. ಒಂಬತ್ತು ಮುಟ್ಟಿದೊಡನೆ ಗಡಸಾದ ಗಂಡುದನಿಯೊಂದು ಹತ್ತರಿಂದ ಹಿಂದಕ್ಕೆ ಎಣಿಸತೊಡಗುತ್ತದೆ. ಮಗು ತಲೆಯೆತ್ತುತ್ತದೆ, ಕ್ಯಾಮೆರಾ ಅದರ ಕಣ್ಣಿನ ಕಪ್ಪಿನೊಳಕ್ಕೆ ಹೊಗುತ್ತದೆ, ಸೊನ್ನೆಗೆ ಬಾಂಬು ಸಿಡಿಯುತ್ತದೆ. ಅನಂತರ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಧ್ವನಿ. ನವೆಂಬರ್ 3ರಂದು ಅವರಿಗೆ ಮತ ನೀಡಿರೆಂಬ ವಿನಂತಿ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರರ ಹೆಸರು ಎಲ್ಲಿಯೂ ಇಲ್ಲ.

ಹೆಸರಿನ ಅವಶ್ಯಕತೆಯೇ ಇರಲಿಲ್ಲ. ಯುದ್ಧಭೂಮಿಯ ಸಣ್ಣ ಅಣ್ವಸ್ತ್ರಗಳ ವಿಷಯದಲ್ಲಿ ನ್ಯಾಟೋ ಸೇನಾಧಿಕಾರಿಗಳಿಗೆ ಅಧಿಕಾರವಿರಬೇಕೆಂದು ಗೋಲ್ಡ್‌ವಾಟರರು ಹೇಳಿದ್ದರು. 1963ರ ಅಣುಪರೀಕ್ಷಾ ನಿಷೇಧ ಒಪ್ಪಂದದ ವಿರುದ್ಧ ಸೆನೆಟಿನಲ್ಲಿ ಮತವಿತ್ತಿದ್ದರು. ನೋಡುವವರ ಮನಸ್ಸಿನಲ್ಲಿ ಅಳುಕು ಮೊದಲೇ ಇತ್ತು. ಜಾಹೀರಾತಿಗೆ ದುಡಿದ ಧ್ವನಿತಜ್ಞ ಟೋನಿ ಶ್ವಾರ್ಟ್ಸರ ಸಿದ್ಧಾಂತವೂ ಇದೇ: ಕೇಳುಗನ ತಲೆಗೆ ಹೊಸದೇನನ್ನೂ ತುಂಬಬೇಕಿಲ್ಲ, ಅಲ್ಲಿರುವುದನ್ನು ಮಿಡಿದರೆ ಸಾಕು. ಆದರೆ ಮಗುವಿನ ಮೇಲೆ ಬಾಂಬು ಬೀಳಿಸಬೇಕೆಂದು ಗೋಲ್ಡ್‌ವಾಟರರು ಎಂದೂ ಹೇಳಿರಲಿಲ್ಲ. ಆ ಮಾತನ್ನು ಜಾಹೀರಾತೂ ಹೇಳಲಿಲ್ಲ; ನೋಡಿದವರೇ ಹೇಳಿಕೊಂಡರು. ಆಡದ ಮಾತನ್ನು ಅಲ್ಲಗಳೆಯುವುದಾದರೂ ಹೇಗೆ?

ರಿಪಬ್ಲಿಕನ್ನರು ಕೆರಳಿದರು. ತಮ್ಮ ಅಭ್ಯರ್ಥಿಯನ್ನು ಲೋಕಕಂಟಕನಂತೆ ಚಿತ್ರಿಸಿದರೆಂದು ಬಹಿರಂಗವಾಗಿ ದೂರಿದರು. ಹೀಗೆ ಹೆಗಲು ಮುಟ್ಟಿಕೊಂಡದ್ದಾಯಿತು! ಸುಮ್ಮನಿದ್ದಿದ್ದರೆ ಒಪ್ಪಿಕೊಂಡಂತೆ, ಕೂಗಿದರೆ ಊರಿಗೆಲ್ಲ ಸಾರಿದಂತೆ. ಜಾನ್ಸನ್ನರ ಪಕ್ಷವು ಹಣ ತೆತ್ತದ್ದು ಆ ಒಂದು ರಾತ್ರಿಯ ಪ್ರಸಾರಕ್ಕೆ ಮಾತ್ರ. ಮತ್ತೆಂದೂ ಅದನ್ನು ಜಾಹೀರಾತಾಗಿ ತೋರಿಸಲಿಲ್ಲ. ತೋರಿಸುವ ಕೆಲಸವನ್ನು ಸುದ್ದಿಗಾರರೇ ವಹಿಸಿಕೊಂಡರು. ಇದು ಉಚಿತವೇ, ಅನುಚಿತವೇ ಎಂದು ಚರ್ಚಿಸುವ ನೆಪದಲ್ಲಿ ಎಬಿಸಿ, ಸಿಬಿಎಸ್ ಜಾಲಗಳು ವಾರ್ತೆಗಳಲ್ಲಿ ಅದನ್ನೇ ಮರಳಿ ಬಿತ್ತರಿಸಿದವು. ‘ಟೈಮ್’ ಪತ್ರಿಕೆ ಆ ತಿಂಗಳ ಕೊನೆಗೆ ಹುಡುಗಿಯನ್ನು ಮುಖಪುಟಕ್ಕೇ ತಂದಿತು. ಖಂಡನೆಗೆಂದು ಹೊರಟವರು ಬಿಟ್ಟಿ ಡಂಗುರದವರಾದರು. ಗೋಲ್ಡ್‌ವಾಟರರು ಆಡಿದ್ದ ಮಾತುಗಳನ್ನು ಇದ್ದಂತೆಯೇ ಚಿತ್ರದ ಪಕ್ಕದಲ್ಲಿಟ್ಟು, ಜನರೇ ತೂಗಿ ನೋಡಲೆಂದು ಬಿಡಬಹುದಿತ್ತು. ಅದರಲ್ಲಿ ಸ್ವಾರಸ್ಯ ಕಡಮೆ, ನಿಜ.

ಸ್ವಾರಸ್ಯ ಕಡಮೆಯಾದದ್ದರ ಗತಿ ಏನೆಂಬುದಕ್ಕೆ ಅದೇ ಪಕ್ಷದ ಮತ್ತೊಂದು ಜಾಹೀರಾತೇ ನಿದರ್ಶನ. ಕೆಲವೇ ದಿನಗಳಲ್ಲಿ ಬಂದ ಅದರಲ್ಲಿ ಐಸ್‌ಕ್ರೀಂ ನೆಕ್ಕುವ ಬೇರೊಬ್ಬ ಹುಡುಗಿಯಿದ್ದಳು. ಹೆಂಗಸಿನ ದನಿಯೊಂದು ಅಣುಪರೀಕ್ಷೆಗಳಿಂದ ಮಕ್ಕಳ ಆಹಾರವನ್ನು ಸೇರುವ ಸ್ಟ್ರಾನ್ಷಿಯಂ-90ರ ಅಪಾಯವನ್ನು ವಿವರಿಸಿ, ಒಪ್ಪಂದದ ವಿರುದ್ಧ ಮತವಿತ್ತವರು ಗೋಲ್ಡ್‌ವಾಟರರೆಂದು ಹೆಸರು ಹಿಡಿದೇ ಹೇಳಿತು. ಭಯ ಅದರಲ್ಲಿಯೂ ಇತ್ತು. ಆದರೆ ಸೆನೆಟಿನ ದಾಖಲೆ ತೆಗೆದು ಪರೀಕ್ಷಿಸಬಹುದಾದ ಮಾತೂ ಇತ್ತು, ಉತ್ತರಿಸಲು ಎಡೆಯೂ ಇತ್ತು. ಅದನ್ನು ಇಂದು ನೆನೆಯುವವರು ಎಷ್ಟು ಮಂದಿ? ಹೂವಿನ ಹುಡುಗಿಯಾದರೋ ಅರವತ್ತು ವರ್ಷಗಳ ಮೇಲೂ ಚುನಾವಣೆ ಬಂದಾಗಲೆಲ್ಲ ಚರ್ಚೆಗೆ ಬರುತ್ತಾಳೆ.

ಜಾನ್ಸನ್ನರು 44 ರಾಜ್ಯಗಳನ್ನು ಗೆದ್ದರು. ಶೇಕಡ 61ರಷ್ಟು ಮತ ಅವರ ಪಾಲಾಯಿತು. ಒಂದು ನಿಮಿಷದ ಚಿತ್ರದಿಂದಲೇ ಇಷ್ಟಾಯಿತೆನ್ನುವುದು ಅತಿಶಯೋಕ್ತಿ. ಅವರು ಮೊದಲಿನಿಂದಲೂ ಮುಂದಿದ್ದರು. ನಷ್ಟವಾದದ್ದು ಬೇರೆಡೆ. ಬಾಂಬಿನ ಗುಂಡಿಯ ಮೇಲೆ ಯಾರ ಬೆರಳಿರಬೇಕೆಂಬ ಗದ್ದಲದಲ್ಲಿ, ವಿಯೆಟ್ನಾಮಿನಲ್ಲಿ ಜಾನ್ಸನ್ನರು ಏನು ಮಾಡುವರೆಂಬ ಪ್ರಶ್ನೆ ಹಿಂದೆ ಸರಿಯಿತು. ಆಗಸ್ಟಿನಲ್ಲಿಯೇ ಕಾಂಗ್ರೆಸ್ ಅವರಿಗೆ ಅಲ್ಲಿ ಸೇನಾಬಲ ಬಳಸುವ ವಿಶಾಲ ಅಧಿಕಾರ ನೀಡಿತ್ತು. 1965ರ ಮಾರ್ಚ್ 8ರಂದು, ಮತದಾನವಾಗಿ ನಾಲ್ಕೇ ತಿಂಗಳಾಗಿದ್ದಾಗ, ಅಮೆರಿಕದ ನೌಕಾಪದಾತಿಗಳು ಡ ನಾಂಗ್ ಕಡಲ ಕರೆಯಲ್ಲಿ ಇಳಿದರು.